ಆನ್‌ಲೈನಲ್ಲಿ ಕಮಿಟಿ ಮೀಟಿಂಗ್ ಮಾಡೋದು ಹೇಗೆ

ನಮ್ಮ ಕಾಸರಗೋಡಲ್ಲಿ ಜೋರು ಮಳೆಗೆ ಕಾಲೇಜಿಗೆ ರಜೆ ಸಿಕ್ಕಿದ್ರೂ ಕಮಿಟಿ ಕೆಲಸ ನಿಲ್ಲೋದಿಲ್ಲ, ಹಾಗಾಗಿ ಅಧ್ಯಾಪಕರ ಮೀಟಿಂಗ್ ಆನ್‌ಲೈನಲ್ಲಿ ಮಾಡೋದಾದ್ರೆ ಮೊದಲು ನಿಮ್ಮ ಕಮಿಟಿ ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡ್ಕೊಳ್ಳಿ. ನೋಟಿಸು, ಅಜೆಂಡಾ, ಲಿಂಕು ಒಟ್ಟಿಗೇ ಮೇಲ್ ಮಾಡಿ. ಝೂಮ್ ಫ್ರೀ ಅಕೌಂಟ್ ಆದ್ರೆ 40 ನಿಮಿಷಕ್ಕೆ ಕಟ್ಟಾಗ್ತದೆ, ಮುಖ್ಯ ವಿಷಯ ಮೊದಲು ತಗೊಳ್ಳಿ.

ಕೋರಂ, ಅಂದ್ರೆ ಮೀಟಿಂಗಿಗೆ ಕನಿಷ್ಠ ಇರ್ಲೇಬೇಕಾದ ಸದಸ್ಯರ ಸಂಖ್ಯೆ, ಅದ್ರ ವಿಷಯದಲ್ಲಿ ಮಾತ್ರ ಸಡಿಲ ಬಿಡ್ಲೇಬೇಡಿ. ಸ್ಕ್ರೀನಲ್ಲಿ ಹೆಸರು ಕಂಡ ಮಾತ್ರಕ್ಕೆ ಹಾಜರಿ ಆಗೋದಿಲ್ಲ, ಒಬ್ಬೊಬ್ಬರನ್ನೇ ಕರೀರಿ, ಅವ್ರು ಮೈಕ್ ಆನ್ ಮಾಡಿ "ಇದ್ದೇನೆ" ಅನ್ಬೇಕು. ನಮ್ಮ ಒಂದು ಮೀಟಿಂಗಲ್ಲಿ ಗುಡುಗು ಬಂದು ಕರೆಂಟ್ ಹೋಗಿ ನಾಲ್ಕು ಜನ ಒಮ್ಮೆಲೇ ಮಾಯ, ಒಬ್ರು ಮೇಡಂ ರೇಂಜಿಗೋಸ್ಕರ ಕೊಡೆ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ರು. ಹಾಗೆ ಆದಾಗ ವೋಟಿಗೆ ಮೊದಲು ಮತ್ತೆ ಎಣಿಸಿ, ಕಡಿಮೆ ಇದ್ರೆ ಮುಂದೂಡಿ.

ನಿರ್ಣಯದ ಪೂರ್ತಿ ವಾಕ್ಯ ಚಾಟಲ್ಲಿ ಹಾಕಿ, ಕನ್ನಡದಲ್ಲೂ ಮಲಯಾಳದಲ್ಲೂ ಓದಿ ಹೇಳಿ, ಅರ್ಥ ಆಗದೆ ಯಾರೂ ಕೈ ಎತ್ತಬಾರದು. ಸುಮ್ನಿದ್ರೆ ಒಪ್ಪಿಗೆ ಅಂತ ಬರ್ಕೊಳ್ಬೇಡಿ. ಗುಟ್ಟಿನ ವೋಟಾದ್ರೆ ಗೂಗಲ್ ಫಾರ್ಮಲ್ಲಿ ಇಮೇಲ್ ಕಲೆಕ್ಟ್ ಮಾಡೋದನ್ನ ಆಫ್ ಮಾಡಿ, ಬಂದ ವೋಟೂ ಹಾಜರಿಯೂ ತಾಳೆ ಆಗ್ತದಾ ನೋಡಿ. ರೆಕಾರ್ಡ್ ಮಾಡೋದಿದ್ರೆ ಶುರುವಲ್ಲೇ ಎಲ್ರ ಒಪ್ಪಿಗೆ ಕೇಳಿ. ಮಿನಿಟ್ಸ್ (ಮೀಟಿಂಗಿನ ನಡಾವಳಿ) ಆದಷ್ಟು ಬೇಗ, ನೆನಪು ಹಸಿ ಇರುವಾಗ್ಲೇ ಎಲ್ರಿಗೂ ಕಳಿಸಿ.