ಮುಖ ಸವೆದ ಕಾಸಿಗೆ ತಕ್ಕಡಿಯೇ ಸಾಕ್ಷಿ

ಪುತ್ತೂರಿನ ಹಳೆಮನೆಯಲ್ಲಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ತಳದಲ್ಲಿ ಒಂಬತ್ತು ತಾಮ್ರದ ಕಾಸು ಸಿಕ್ಕಿದವು. ನಾನು ಮೊದಲು ಮಾಡಿದ್ದೇ ಅಧ್ವಾನ. ಒಂದಕ್ಕೆ ಹುಣಸೆಹುಳಿ ಹಾಕಿ ತಿಕ್ಕಿದೆ. ಹೊಸ ಚೆಂಬಿನ ಹಾಗೆ ಹೊಳೆಯಿತು. ಉಳಿದಿದ್ದ ನಾಲ್ಕಕ್ಷರವೂ ಮಂಕಾಯಿತು. ಈಗ ಮಣ್ಣು ಮೆತ್ತಿದ್ದರೆ ಬರೀ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸುತ್ತೇನೆ.

ಅಕ್ಷರ ಅಳಿಸಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ಆಮೇಲೆ ತೂಕ. ಆರು ಕಾಸು 6ರಿಂದ 6.4 ಗ್ರಾಂ ತೂಗಿದವು. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತಂದ ಕಾಲಾಣೆ ಹೊಸದಿದ್ದಾಗ 6.48 ಗ್ರಾಂ, ಸವೆದದ್ದಕ್ಕೆ ಲೆಕ್ಕ ಸರಿಹೋಯಿತು. ಮೂರು ಪೈ ಸೇರಿದರೆ ಕಾಲಾಣೆ, ಅಜ್ಜಿಯ ಬಾಯಲ್ಲಿ ಮುಕ್ಕಾಸು. ಇನ್ನೊಂದು 4.7 ಗ್ರಾಂ ಮಾತ್ರ. ರಾಜನ ತಲೆ ಪೂರ್ತಿ ಅಳಿಸಿದ್ದರೂ 1906ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಇಳಿದ ನಂತರದ ಕಾಲಾಣೆ ಎಂದು ತಿಳಿಯಿತು.

ದೊಡ್ಡದೊಂದಿತ್ತು, ಮೂರು ಸೆಂಟಿಮೀಟರ್ ಅಗಲ, ಅಂಚು ಜಜ್ಜಿದ್ದು. ಅರ್ಧಾಣೆ ಎಂದೇ ಬಗೆದಿದ್ದೆ. ತೂಗಿದರೆ 8.9! ಅರ್ಧಾಣೆ ಸುಮಾರು 13 ಗ್ರಾಂ. ಎಷ್ಟು ಕೈ ಬದಲಿಸಿದರೂ ನಾಲ್ಕು ಗ್ರಾಂ ಸವೆಯುವುದುಂಟೇ? ಟಾರ್ಚು ಓರೆ ಮಾಡಿದಾಗ ಪರ್ಷಿಯನ್ ಸಾಲುಗಳ ಕೆಳಗೆ ‘ಎಕ್ಸ್‌ಎಕ್ಸ್ ಕ್ಯಾಷ್’ ಕಂಡಿತು. ಮದ್ರಾಸ್ ಪ್ರೆಸಿಡೆನ್ಸಿಯ 20 ಕಾಸು. ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿದ್ದರಿಂದ ಅದು ಇಲ್ಲಿ ಸಿಕ್ಕಿದ್ದು ಅಚ್ಚರಿಯಲ್ಲ. 1809ರಲ್ಲಿ ಇಂಥ 1808ರ ನಾಣ್ಯಗಳನ್ನು ತರುತ್ತಿದ್ದ ‘ಅಡ್ಮಿರಲ್ ಗಾರ್ಡ್ನರ್’ ಹಡಗು ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತ್ತು. ಅದರಿಂದ ಮೇಲೆತ್ತಿದ ಕಾಸುಗಳೂ ಮಾರಾಟಕ್ಕಿವೆ. ಉಪ್ಪುನೀರು ತಿಂದ ಅವುಗಳ ಮೈ ಬೇರೆ, ಜೇಬಿನಲ್ಲಿ ಸವೆದ ನುಣುಪು ಬೇರೆ.

ಒಂಬತ್ತನೆಯದರಲ್ಲಿ ಹನುಮಂತ, ‘ಈಸ್ಟ್ ಇಂಡಿಯಾ ಕಂಪನಿ, 1818’. ಮನೆಯವರೆಲ್ಲ ಇದಕ್ಕೆ ಲಕ್ಷ ಬರುತ್ತದೆಂದು ಕುಣಿದರು. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ‘ಲಕ್ಷ ಕೊಡ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎನ್ನುವ ಕರೆಯೂ ಬಂತು. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಫೋನ್ ಇಟ್ಟೆ.

ಬೆಲೆ ಕೇಳಲು ಹೋದಾಗ ವ್ಯಾಪಾರಿ ಸವೆದ ಮುಕ್ಕಾಸುಗಳಿಗೆ ತಲಾ ಐವತ್ತು ಎಂದ. ಉಡಿದಾರಕ್ಕೆ ಕಟ್ಟಲು ಯಾರೋ ತೂತು ಹೊಡೆದಿದ್ದೊಂದಕ್ಕೆ ಇಪ್ಪತ್ತು. ಇಪ್ಪತ್ತು ಕಾಸಿನದಕ್ಕೆ ಅಂಚು ಜಜ್ಜಿದ್ದರೂ ಇನ್ನೂರಕ್ಕೆ ಬಂದ; ನಾನು ಕೊಡಲಿಲ್ಲ. ಹುಣಸೆಹುಳಿ ಕಂಡದ್ದನ್ನು ಮಾತ್ರ ಅವನು ಕೈಗೂ ಎತ್ತಿಕೊಳ್ಳಲಿಲ್ಲ.