ಏಣಿಗೊಂದು ಪೈಪು, ಡಬ್ಬಕ್ಕೊಂದು ಕೊಕ್ಕೆ: ನನ್ನ ಅನುಭವ

ಎಡಗೈಯಲ್ಲಿ ಡಬ್ಬ, ಬಲಗೈಯಲ್ಲಿ ಬ್ರಷ್. ಹಾಗಾದರೆ ಏಣಿ ಹಿಡಿದುಕೊಳ್ಳುವುದು ಯಾವ ಕೈಯಲ್ಲಿ? ಮನೆಯ ಹೊರಗೋಡೆಗೆ ನಾನೇ ಬಣ್ಣ ಹೊಡೆಯುತ್ತೇನೆ ಎಂದು ಹೊರಟ ಮೊದಲ ದಿನ ಈ ಪ್ರಶ್ನೆ ಹೊಳೆದದ್ದು ಏಳನೇ ಮೆಟ್ಟಿಲ ಮೇಲೆ ನಿಂತಾಗ. ಕೆಳಗಿದ್ದಾಗಲೇ ಹೊಳೆಯಬಹುದಿತ್ತು. ಮೊಣಕಾಲು ಮೆಟ್ಟಿಲಿಗೆ ಒತ್ತಿ, ಎದೆ ಏಣಿಗೆ ಆನಿಸಿ, ಹೇಗೋ ಅರ್ಧ ಗಂಟೆ ಸಾಗಿಸಿ ಇಳಿದೆ. ಡಬ್ಬ ಕೆಳಗಿಟ್ಟ ಮೇಲೂ ಎಡಗೈ ಬೆರಳುಗಳು ತಂತಿ ಹಿಡಿಯನ್ನು ಹಿಡಿದುಕೊಂಡ ಹಾಗೆಯೇ ಮಡಿಸಿಕೊಂಡಿದ್ದವು.

ಏಣಿ ಹತ್ತುವಾಗ ಎರಡು ಕೈ, ಎರಡು ಕಾಲುಗಳಲ್ಲಿ ಮೂರಾದರೂ ಯಾವಾಗಲೂ ಏಣಿಗೆ ತಾಗಿರಬೇಕು ಅನ್ನುತ್ತಾರೆ. ಡಬ್ಬ ಹಿಡಿದವನಿಗೆ ಅದು ಆಗುವ ಮಾತಲ್ಲ. ಆದ್ದರಿಂದ ಡಬ್ಬವನ್ನು ಏಣಿಗೇ ನೇತುಹಾಕಬೇಕು, ಇದು ಯಾರಿಗಾದರೂ ಹೊಳೆಯುವ ಉಪಾಯ. ಆದರೆ ಎಲ್ಲಿ ನೇತುಹಾಕಬೇಕು ಅನ್ನುವುದರಲ್ಲಿ ನಾನು ಎರಡು ಸಲ ತಪ್ಪಿದೆ. ಕೊಕ್ಕೆ ಎಷ್ಟು ಗಟ್ಟಿ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಂಡಷ್ಟು, ಡಬ್ಬ ಯಾವ ಜಾಗದಲ್ಲಿ ತೂಗುತ್ತದೆ ಅನ್ನುವುದರ ಬಗ್ಗೆ ಕೆಡಿಸಿಕೊಂಡಿರಲಿಲ್ಲ.

ಮೊದಲನೆಯದು ಕಟ್ಟುವ ತಂತಿ. ಎರಡು ಎಳೆ ಹೊಸೆದು ಮೆಟ್ಟಿಲಿಗೆ ಸುತ್ತಿ, ಡಬ್ಬದ ಹಿಡಿಗೆ ಸಿಕ್ಕಿಸಿದೆ. ಡಬ್ಬ ಬೀಳಲಿಲ್ಲ. ಆದರೆ ಪ್ರತಿ ಸಲ ಏಣಿ ಸರಿಸುವಾಗ ತಂತಿ ಬಿಚ್ಚಿ ಮತ್ತೆ ಹೊಸೆಯಬೇಕು. ನಾಲ್ಕನೇ ಸಲಕ್ಕೆ ಬೇಸರ ಬಂದು ಬಿಟ್ಟೆ.

ಆಮೇಲೆ ಎಸ್ ಆಕಾರದ ಕೊಕ್ಕೆ ತಂದೆ. ದೊಡ್ಡ ಬಾಯಿ ಮೆಟ್ಟಿಲಿಗೆ, ಚಿಕ್ಕ ಬಾಯಿ ಡಬ್ಬದ ಹಿಡಿಗೆ. ನೋಡಲು ಅಚ್ಚುಕಟ್ಟು. ಹತ್ತಿ ನಿಂತು ಬ್ರಷ್ ಅದ್ದಲು ಹೋದಾಗ ಗೊತ್ತಾಯಿತು, ಡಬ್ಬ ನೆಟ್ಟಗೆ ನೇತಾಡುತ್ತಿಲ್ಲ, ಓರೆಯಾಗಿ ಕೂತಿದೆ. ಯಾಕೆಂದರೆ ಏಣಿ ಓರೆ, ಡಬ್ಬ ತೂಗುವುದು ನೇರ. ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದು ಅಡಿ ದೂರ ಅನ್ನುವ ಲೆಕ್ಕದಲ್ಲಿ ಏಣಿ ಒರಗಿಸಿದರೆ ಅದು ನೆಲಕ್ಕೆ ಸುಮಾರು 75 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ನನ್ನ ಏಣಿಯ ಮೆಟ್ಟಿಲುಗಳ ನಡುವಿನ ಅಂತರ 30 ಸೆಂ.ಮೀ. ಅಂದರೆ ಒಂದೊಂದು ಮೆಟ್ಟಿಲೂ ಅದರ ಮೇಲಿನದಕ್ಕಿಂತ ಏಳೂವರೆ ಸೆಂ.ಮೀ.ನಷ್ಟು ನನ್ನ ಕಡೆಗೆ ಚಾಚಿರುತ್ತದೆ. ಮೇಲಿನ ಮೆಟ್ಟಿಲಿಂದ ಇಳಿಬಿಟ್ಟ ಡಬ್ಬ ಸೀದಾ ಕೆಳಗಿನ ಮೆಟ್ಟಿಲಿನ ದಾರಿಗೇ ಬರುತ್ತದೆ. ಸುಮಾರು 17 ಸೆಂ.ಮೀ. ಅಗಲದ ಡಬ್ಬ ಎಲ್ಲಿಗೆ ಹೋಗಬೇಕು? ಹೊಟ್ಟೆಯನ್ನು ಆ ಮೆಟ್ಟಿಲಿಗೆ ಆತುಕೊಂಡು ನನ್ನ ಕಡೆ ವಾಲಿತು. ಒಳಗಿನ ಬಣ್ಣ ಒಂದು ಕಡೆ ತುಟಿಯವರೆಗೆ ಬಂದು ನಿಂತಿತ್ತು.

ಅದನ್ನೇ ಗೋಡೆಯ ಕಡೆಯಿಂದ ನೇತುಹಾಕಿದರೆ? ಹಾಕಿ ನೋಡಿದೆ. ಡಬ್ಬ ನೆಟ್ಟಗಾಯಿತು. ಆದರೆ ಬ್ರಷ್ ಅದ್ದಲು ಕೈಯನ್ನು ಎರಡು ಮೆಟ್ಟಿಲ ನಡುವೆ ತೂರಿಸಬೇಕು, ತೆಗೆಯುವಾಗ ಮೊಣಕೈ ತಾಗುತ್ತದೆ, ತೊಟ್ಟಿಕ್ಕಿದ ಬಣ್ಣ ನಾನು ಕಾಲಿಡಬೇಕಾದ ಮೆಟ್ಟಿಲ ಮೇಲೇ ಬೀಳುತ್ತದೆ. ಬಣ್ಣ ಬಿದ್ದ ಅಲ್ಯೂಮಿನಿಯಂ ಮೆಟ್ಟಿಲು ಎಷ್ಟು ಜಾರುತ್ತದೆ ಅನ್ನುವುದು ಇಳಿಯುವಾಗ ತಿಳಿಯಿತು. ಸರಿ ಎಂದು ಮತ್ತೆ ಮುಂದಿನ ಕಡೆಗೇ ಹಾಕಿಕೊಂಡೆ. ಅವತ್ತು ಸಂಜೆ ಒಂದು ಮೆಟ್ಟಿಲು ಮೇಲೆ ಹೋಗಲು ಕಾಲೆತ್ತಿದವನ ಮೊಣಕಾಲು ಡಬ್ಬದ ತಳಕ್ಕೆ ಬಡಿಯಿತು. ಡಬ್ಬ ಮೇಲೆ ಹಾರಿದಾಗ ಹಿಡಿ ಕೊಕ್ಕೆಯಿಂದ ಕಳಚಿತು. ಒಂದೂವರೆ ಲೀಟರ್ ತಿಳಿ ಹಳದಿ ಎಮಲ್ಶನ್ ಬಣ್ಣ ನನ್ನ ಪ್ಯಾಂಟು, ಎಡ ಚಪ್ಪಲಿ, ಆರು ಮೆಟ್ಟಿಲು ಮತ್ತು ನೆಲಗಟ್ಟಿನ ಮೇಲೆ ಹರಿಯಿತು. ಏಣಿಗೆ ಚಪ್ಪಲಿಯಲ್ಲಿ ಹತ್ತಬಾರದು ಅನ್ನುವುದನ್ನೂ ಅವತ್ತೇ ಕಲಿತೆ. ಒಂದೇ ಏಟಿಗೆ ಎರಡು ಪಾಠ.

ನೆಲ ತೊಳೆಯುತ್ತಾ ಏಣಿಯನ್ನು ನೋಡುತ್ತಿದ್ದಾಗ ಮೆಟ್ಟಿಲುಗಳ ತುದಿ ಕಣ್ಣಿಗೆ ಬಿತ್ತು. ಟೊಳ್ಳು. ಏಣಿಯ ಪಕ್ಕದ ಕಂಬದ ಹೊರಗಿನಿಂದ ನೋಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳಕು ಕಾಣುತ್ತದೆ. ಅದರೊಳಗೆ ಒಂದು ಪೈಪು ತೂರಿಸಿ ಪಕ್ಕಕ್ಕೆ ಚಾಚುವ ಹಾಗೆ ಬಿಟ್ಟರೆ, ಡಬ್ಬ ಕಂಬದ ಹೊರಗೆ ತೂಗುತ್ತದೆ. ಅಲ್ಲಿ ಕೆಳಗಿನ ಮೆಟ್ಟಿಲೂ ಇಲ್ಲ, ನನ್ನ ಮೊಣಕಾಲೂ ಇಲ್ಲ.

ಮೆಟ್ಟಿಲಿನ ಒಳ ವ್ಯಾಸ ಅಳೆದೆ, 26 ಮಿ.ಮೀ. ಅರ್ಧ ಇಂಚಿನ ಕಬ್ಬಿಣದ ನೀರಿನ ಪೈಪಿನ ಒಂದು ತುಂಡು ಮೂಲೆಯಲ್ಲಿ ಬಿದ್ದಿತ್ತು. ಅರ್ಧ ಇಂಚು ಅನ್ನುವುದು ಬರೀ ಹೆಸರು, ಅದರ ಹೊರ ವ್ಯಾಸ 21.3 ಮಿ.ಮೀ. ಸರಾಗವಾಗಿ ಒಳಗೆ ಹೋಯಿತು, ಆದರೆ ಸ್ವಲ್ಪ ಸಡಿಲ. ಸಡಿಲವಿದ್ದರೆ ಚಾಚಿದ ತುದಿ ಬಗ್ಗುತ್ತದೆ, ಕೊಕ್ಕೆ ನಿಧಾನವಾಗಿ ಹೊರಗೆ ಜಾರುತ್ತದೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪೈಪು ಮೆಟ್ಟಿಲೊಳಗೆ ಕೂರುವ ಎರಡೂ ಕಡೆ ಸುತ್ತಿದೆ. ಕಟಕಟ ಸದ್ದೂ ನಿಂತಿತು.

ಉದ್ದ ಹೀಗೆ ಲೆಕ್ಕ ಹಾಕಿದೆ: ಏಣಿಯ ಅಗಲ 40 ಸೆಂ.ಮೀ., ಡಬ್ಬದ ಕಡೆ 20, ಇನ್ನೊಂದು ಕಡೆ 5. ಒಟ್ಟು 65. ಹ್ಯಾಕ್ಸಾದಲ್ಲಿ ಕತ್ತರಿಸಿ, ತುದಿಗಳ ಮುಳ್ಳು ಅರದಲ್ಲಿ ಉಜ್ಜಿ ತೆಗೆದೆ. ಎರಡೂ ತುದಿಯ ಹತ್ತಿರ 6 ಮಿ.ಮೀ. ತೂತು ಕೊರೆದು, ಚಾಚಿದ ಕಡೆ ಬೋಲ್ಟು ಖಾಯಂ ಮಾಡಿದೆ. ಕೊಕ್ಕೆ ತುದಿಯಿಂದ ಹಾರಿಹೋಗದಂತೆ ಇದು ತಡೆ. ಇನ್ನೊಂದು ಕಡೆ ಅಗಲವಾದ ವಾಷರ್ ಹಾಕಿ ತೆಗೆದುಹಾಕಬಹುದಾದ ಪಿನ್ನು ಇಟ್ಟೆ. ಪಿನ್ನು ಎಳೆದರೆ ಪೈಪು ಹೊರಗೆ ಬರುತ್ತದೆ, ಮೇಲಿನ ಮೆಟ್ಟಿಲಿಗೋ ಇನ್ನೊಂದು ಪಕ್ಕಕ್ಕೋ ತೂರಿಸಿಕೊಳ್ಳಬಹುದು. ತೂತು ಕೊರೆದದ್ದೆಲ್ಲ ಪೈಪಿಗೆ ಮಾತ್ರ. ಏಣಿಯ ಕಂಬಕ್ಕೋ ಮೆಟ್ಟಿಲಿಗೋ ಡ್ರಿಲ್ ಹಚ್ಚಬೇಡಿ. ತೆಳು ಅಲ್ಯೂಮಿನಿಯಂ, ಬಿರುಕು ಹುಟ್ಟುವುದೇ ಇಂಥ ತೂತುಗಳಿಂದ.

ಇನ್ನು ಕೊಕ್ಕೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮಾಮೂಲಿ ಎಸ್ ಕೊಕ್ಕೆಯ ಎರಡು ಬಾಯಿಗಳೂ ಒಂದೇ ಸಮತಲದಲ್ಲಿರುತ್ತವೆ. ಅದನ್ನು ಪೈಪಿಗೆ ಹಾಕಿದರೆ ಡಬ್ಬದ ಹಿಡಿ ಪೈಪಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಏಣಿಯ ಮೇಲಿರುವ ನನ್ನ ಕೈ ಬರುವುದು ಪಕ್ಕದಿಂದ. ಹಾಗಾಗಿ ನನಗೂ ಡಬ್ಬದ ಬಾಯಿಗೂ ನಡುವೆ ಹಿಡಿಯ ತಂತಿ ಬಾಗಿಲಿನ ಸರಳಿನಂತೆ ನಿಂತಿರುತ್ತದೆ. ಪ್ರತಿ ಸಲ ಅದ್ದುವಾಗಲೂ ಬ್ರಷ್ಷಿನ ಕತ್ತು ಅದಕ್ಕೆ ತಾಗುತ್ತದೆ, ತಂತಿಗೆ ಬಣ್ಣ ಹತ್ತುತ್ತದೆ, ತಂತಿಯಿಂದ ಕೈಗೆ. ಕೊಕ್ಕೆಯ ಮಧ್ಯದ ಭಾಗವನ್ನು ಕಾಲು ಸುತ್ತು ತಿರುಚಿಬಿಟ್ಟರೆ ಹಿಡಿ ಅಡ್ಡ ತಿರುಗಿ, ಒಂದು ಕೊನೆ ಗೋಡೆಯ ಕಡೆ, ಇನ್ನೊಂದು ನನ್ನ ಬೆನ್ನಿನ ಕಡೆ ಹೋಗುತ್ತದೆ. ನನ್ನ ಕಡೆಯ ಅರ್ಧ ಬಾಯಿ ಪೂರ್ತಿ ತೆರೆದಿರುತ್ತದೆ. ಇಷ್ಟು ಸಣ್ಣ ತಿರುಚು ಇಡೀ ಕೆಲಸದ ಹದ ಬದಲಿಸಿತು.

6 ಮಿ.ಮೀ. ಮೆದು ಉಕ್ಕಿನ ಸರಳು 20 ಸೆಂ.ಮೀ. ಕತ್ತರಿಸಿಕೊಂಡೆ. ಮೂರು ಕೆಜಿ ತೂಕಕ್ಕೆ ಅದು ಧಾರಾಳ, 8 ಮಿ.ಮೀ. ತಂದರೆ ಕೈಯಲ್ಲಿ ಬಗ್ಗಿಸಲು ಹೆಣಗಬೇಕು. ಪೈಪಿನ ತುಂಡನ್ನೇ ಬೆಂಚ್ ವೈಸಿನಲ್ಲಿ (ಮೇಜಿಗೆ ಕೂರಿಸಿದ ಬಿಗಿ ಇಕ್ಕಳ) ಸರಳಿನ ಜೊತೆ ಕಚ್ಚಿಸಿ, ಅದರ ಸುತ್ತ ಮುಕ್ಕಾಲು ಸುತ್ತು ಬಗ್ಗಿಸಿದೆ. ಬಿಟ್ಟ ತಕ್ಷಣ ಸರಳು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಬೇಕಾದದ್ದಕ್ಕಿಂತ ಒಂಚೂರು ಜಾಸ್ತಿಯೇ ಬಗ್ಗಿಸಬೇಕು. ಚಿಕ್ಕ ಬಾಯಿಯನ್ನು 12 ಮಿ.ಮೀ. ಬೋಲ್ಟಿನ ಸುತ್ತ ಮಾಡಿದೆ. ಆಮೇಲೆ ಮಧ್ಯದ ನೇರ ಭಾಗವನ್ನು ವೈಸಿಗೆ ಕಚ್ಚಿಸಿ, ಪೈಪ್ ರೆಂಚಿನಲ್ಲಿ ಕಾಲು ಸುತ್ತು. ಚಿಕ್ಕ ಬಾಯಿಯ ತುದಿಯನ್ನು ಸುತ್ತಿಗೆಯಿಂದ ಒಳಕ್ಕೆ ತಟ್ಟಿ, ಡಬ್ಬದ ತಂತಿ ಒತ್ತಿದರೆ ಮಾತ್ರ ಒಳಗೆ ಹೋಗುವಷ್ಟು ಸಂದು ಬಿಟ್ಟೆ. ಮೊಣಕಾಲಿನ ನೆನಪು ಇನ್ನೂ ಇತ್ತಲ್ಲ. ಕೊಕ್ಕೆ ಕಂಬದಿಂದ 12 ಸೆಂ.ಮೀ. ದೂರದಲ್ಲೇ ನಿಲ್ಲಲಿ ಎಂದು ಅದರ ಎರಡೂ ಪಕ್ಕ ಒಂದೊಂದು ಹೋಸ್ ಕ್ಲಿಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ) ಬಿಗಿದೆ.

ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು: ಒಂದು ಪಕ್ಕಕ್ಕೆ ಭಾರ ಹಾಕಿದರೆ ಏಣಿ ಮಗುಚುವುದಿಲ್ಲವೇ? ನನಗೂ ಆ ಅಳುಕಿತ್ತು, ಕಾಗದದ ಮೇಲೆ ಲೆಕ್ಕ ಮಾಡಿದೆ. ನಾನು 65 ಕೆಜಿ, ಏಣಿ 15. ಡಬ್ಬದಲ್ಲಿ ಒಂದೂವರೆ ಲೀಟರ್ ಬಣ್ಣ. ಎಮಲ್ಶನ್ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ. ಡಬ್ಬ, ಕೊಕ್ಕೆ ಸೇರಿ ಎರಡೂವರೆ ಕೆಜಿ ಅನ್ನೋಣ. ಅದು ಏಣಿಯ ನಡುಗೆರೆಯಿಂದ 32 ಸೆಂ.ಮೀ. ದೂರದಲ್ಲಿದ್ದರೆ ಒಟ್ಟು ಭಾರದ ಕೇಂದ್ರ ಸರಿಯುವುದು ಹೆಚ್ಚುಕಡಿಮೆ 1 ಸೆಂ.ಮೀ. ಅದೇ ನಾನು ದೂರದ ಮೂಲೆಗೆ ಬ್ರಷ್ ಎಟುಕಿಸಲು ಮೈಯನ್ನು 15 ಸೆಂ.ಮೀ. ಪಕ್ಕಕ್ಕೆ ಚಾಚಿದರೆ ಕೇಂದ್ರ 12 ಸೆಂ.ಮೀ. ಓಡುತ್ತದೆ. ನನ್ನ ಏಣಿಯ ಅರ್ಧ ಅಗಲವೇ 20. ಅಂದರೆ ಹೆದರಬೇಕಾದದ್ದು ಡಬ್ಬಕ್ಕಲ್ಲ, ಇನ್ನೊಂದು ಚೂರು ತಾನೇ ಎಂದು ಚಾಚುವ ಚಪಲಕ್ಕೆ. ಸೊಂಟದ ಬಕಲ್ ಎರಡು ಕಂಬಗಳ ಒಳಗೇ ಇರಲಿ, ಎಟುಕದಿದ್ದರೆ ಇಳಿದು ಏಣಿ ಸರಿಸಿ.

ಹಾಗಂತ 20 ಲೀಟರಿನ ಬಕೆಟ್ಟನ್ನೇ ತಂದು ತಗುಲಿಸಬೇಡಿ. ತುಂಬಿದಾಗ ಅದು 28 ಕೆಜಿ, ಕೇಂದ್ರವನ್ನು 8 ಸೆಂ.ಮೀ.ಗಿಂತ ಹೆಚ್ಚು ಎಳೆಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ಹಿಡಿ ಕಿವಿಯ ತೂತಿಗೆ ಸುಮ್ಮನೆ ಸಿಕ್ಕಿಸಿದ್ದು, ಓರೆ ಎಳೆತಕ್ಕೆ ಬಾಯಿ ಬಿಡುತ್ತದೆ. ದೊಡ್ಡ ಬಕೆಟ್ ನೆಲದಲ್ಲೇ ಇರಲಿ. ನಾನು ನಾಲ್ಕು ಲೀಟರಿನ ಖಾಲಿ ತಗಡಿನ ಡಬ್ಬಕ್ಕೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸುರಿದುಕೊಳ್ಳುತ್ತೇನೆ. ಡಬ್ಬದ ಅಂಚಿನ ಕಾಲುವೆಯಲ್ಲಿ ಮೊಳೆಯಿಂದ ಐದಾರು ತೂತು ಹೊಡೆದಿದ್ದೇನೆ. ಬ್ರಷ್ ಒರೆಸಿದಾಗ ಅಲ್ಲಿ ನಿಲ್ಲುವ ಬಣ್ಣ ಒಳಕ್ಕೇ ಇಳಿಯುತ್ತದೆ, ಹೊರಮೈ ಮೇಲೆ ಸೋರುವುದಿಲ್ಲ.

ಪೈಪನ್ನು ನಿಂತ ಮೆಟ್ಟಿಲಿನಿಂದ ಮೇಲಕ್ಕೆ ನಾಲ್ಕನೆಯದಕ್ಕೆ ತೂರಿಸುವುದು ನನ್ನ ಎತ್ತರಕ್ಕೆ ಸರಿ ಬಂತು. ಕೊಕ್ಕೆ, ಹಿಡಿ ಎಲ್ಲ ಕಳೆದು ಡಬ್ಬದ ಬಾಯಿ ಸೊಂಟದ ಮಟ್ಟಕ್ಕೆ ಬರುತ್ತದೆ, ಬಗ್ಗಬೇಕಾಗಿಲ್ಲ. ಬ್ರಷ್ ಹಿಡಿಯುವ ಕೈಯ ಕಡೆಯೇ ಡಬ್ಬ ಇರಬೇಕು. ಎಡಕ್ಕೆ ಹಾಕಿದರೆ ತೊಟ್ಟಿಕ್ಕುವ ಬ್ರಷ್ ಪ್ರತಿ ಸಲ ಹೊಟ್ಟೆಯ ಮುಂದೆ ಹಾದು ಹೋಗುತ್ತದೆ. ಬಲಗಡೆ ಮೂಲೆ ಅಥವಾ ಕಿಟಕಿ ಬಂದಾಗ ಮಾತ್ರ ಪಕ್ಕ ಬದಲಿಸುತ್ತೇನೆ. ಡಬ್ಬ ಹಿಡಿದು ಹತ್ತುವುದಿಲ್ಲ, ಹಗ್ಗ ಇಳಿಬಿಟ್ಟು ಮೇಲಿಂದ ಎಳೆದುಕೊಳ್ಳುತ್ತೇನೆ.

ಒಂದು ಎಡವಟ್ಟು ಇದರಲ್ಲೂ ಆಯಿತು. ಡಬ್ಬ ಇಳಿಸಿದೆ, ಪೈಪು ತೆಗೆಯಲು ಮರೆತು ಏಣಿಯನ್ನು ಪಕ್ಕಕ್ಕೆ ಸರಿಸಿದೆ. ಚಾಚಿಕೊಂಡ 20 ಸೆಂ.ಮೀ. ಕಿಟಕಿಯ ಗಾಜಿಗೆ ಹೋಗಿ ತಾಗಿತು. ಚಟ್ ಎಂದು ಸಣ್ಣ ಸದ್ದು, ಮೂಲೆಯಿಂದ ಮೂಲೆಗೆ ಗೆರೆ. ಈಗ ಪೈಪಿನ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದೇನೆ. ಏಣಿಯೂ ಲೋಹ, ಪೈಪೂ ಲೋಹ, ಆದ್ದರಿಂದ ಮೇಲೆ ಕರೆಂಟಿನ ತಂತಿ ಹಾದುಹೋಗುವ ಕಡೆ ಈ ಏಣಿಯನ್ನೇ ಒಯ್ಯುವುದಿಲ್ಲ.

ಎಲ್ಲ ಏಣಿಗೂ ಇದು ಒಗ್ಗುವುದಿಲ್ಲ. ಕೆಲವಕ್ಕೆ ಮೆಟ್ಟಿಲ ತುದಿ ಮುಚ್ಚಿರುತ್ತದೆ, ಮರದ ಏಣಿಯಲ್ಲಿ ಟೊಳ್ಳೇ ಇಲ್ಲ. ಮಡಚುವ ಏಣಿಗೆ ತಲೆಯ ಮೇಲೆ ತಟ್ಟೆ ಇರುತ್ತದೆ, ಅಲ್ಲಿ ಈ ಸರ್ಕಸ್ಸೇ ಬೇಡ. ರೋಲರಿಗಂತೂ ಇನ್ನೂ ದಾರಿ ಸಿಕ್ಕಿಲ್ಲ. ಅದಕ್ಕೆ ಬೇಕಾದ ಅಗಲ ಬಾಯಿಯ ಚೌಕ ಬಕೆಟ್ ಒಂದೇ ಕೊಕ್ಕೆಯಲ್ಲಿ ಗಿರಗಿರ ತಿರುಗುತ್ತದೆ, ಎರಡು ಕೊಕ್ಕೆ ಹಾಕಿದರೆ ಪೈಪು ಉದ್ದ ಸಾಲದು. ಮುಂದಿನ ಸಲ ಎರಡು ಮೆಟ್ಟಿಲಿಗೆ ಎರಡು ಪೈಪು ತೂರಿಸಿ ನೋಡಬೇಕೆಂದಿದ್ದೇನೆ.