ಎಕ್ಸ್‌ಟೆಂಡರ್‌ಗೆ ವೈರ್ ಎಳೆಯೋದಾ, ಹಾಗೇ ಬಿಡೋದಾ?

ಮಹಡಿ ರೂಮಿನಲ್ಲಿ ಫೋನ್ ನೋಡಿದರೆ ವೈಫೈ ಕಡ್ಡಿ ಪೂರ್ತಿ ಇರುತ್ತದೆ, ವಿಡಿಯೋ ಮಾತ್ರ ಸುಮ್ನೆ ಸುತ್ತುತ್ತಿರುತ್ತದೆ. ರೌಟರ್‌ನ ವೈಫೈ ಹಿಡಿದು ಮುಂದಕ್ಕೆ ಹರಡುವ ಎಕ್ಸ್‌ಟೆಂಡರ್ ಡಬ್ಬ ತಂದ ಮೇಲೂ ಹೀಗಾಗುತ್ತೆ, ಅಲ್ವಾ? ಆ ಕಡ್ಡಿಗಳು ತೋರಿಸೋದು ಫೋನಿಗೂ ಎಕ್ಸ್‌ಟೆಂಡರ್‌ಗೂ ನಡುವಿನ ಸಿಗ್ನಲ್ ಅಷ್ಟೇ. ಕೆಳಗಿನ ರೌಟರ್‌ನಿಂದ ಎಕ್ಸ್‌ಟೆಂಡರ್‌ಗೆ ಎಷ್ಟು ಬರುತ್ತಿದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ಬಚ್ಚಲಿಗೆ ಎಷ್ಟೇ ದಪ್ಪ ನಲ್ಲಿ ಹಾಕಿಸಿದರೂ, ಸಂಪಿನಿಂದ ಟ್ಯಾಂಕಿಗೆ ಹತ್ತುವ ಪೈಪು ಅರ್ಧ ಇಂಚಿನದಾದರೆ ನೀರು ಎಲ್ಲಿಂದ ಬರಬೇಕು? ವೈಫೈಯಲ್ಲಿ ಆ ಪೈಪಿಗೆ, ಅಂದರೆ ರೌಟರ್‌ನಿಂದ ಎಕ್ಸ್‌ಟೆಂಡರ್‌ವರೆಗಿನ ದಾರಿಗೆ, ಬ್ಯಾಕ್‌ಹಾಲ್ ಅಂತಾರೆ.

ವೈರ್ ಇಲ್ಲದ ಬ್ಯಾಕ್‌ಹಾಲ್‌ನ ತೊಂದರೆ ಇಷ್ಟು. ಒಂದೇ ಬ್ಯಾಂಡ್‌ನಲ್ಲಿ (2.4 ಅಥವಾ 5 ಗಿಗಾಹರ್ಟ್ಸ್‌ನಂಥ ರೇಡಿಯೋ ಪಟ್ಟಿಯಲ್ಲಿ) ಕೇಳಿ ಅದೇ ಬ್ಯಾಂಡ್‌ನಲ್ಲಿ ಮತ್ತೆ ಹೇಳುವ ಎಕ್ಸ್‌ಟೆಂಡರ್ ಒಂದೊಂದು ಮಾತನ್ನೂ ಎರಡೆರಡು ಸಲ ಕಳಿಸಬೇಕು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟ್ರೈ-ಬ್ಯಾಂಡ್ ಮೆಶ್, ಅಂದರೆ ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡುವ, ಮೂರು ರೇಡಿಯೋ ಇರುವ ಡಬ್ಬಗಳ ಸೆಟ್ ತಗೊಂಡರೆ ಬ್ಯಾಕ್‌ಹಾಲ್‌ಗೇ ಒಂದು ರೇಡಿಯೋ ಮೀಸಲಿಡಬಹುದು, ಆದರೆ ಬೆಲೆ ಜಾಸ್ತಿ. ಅದೂ ಗೋಡೆ ದಾಟಲೇಬೇಕು. 5 ಗಿಗಾಹರ್ಟ್ಸ್ ವೇಗ ಕೊಡುತ್ತೆ, ಆದರೆ ಕಬ್ಬಿಣ ತುಂಬಿದ ಆರ್‌ಸಿಸಿ ಮೋಲ್ಡ್ ಮುಂದೆ ಸುಸ್ತಾಗುತ್ತದೆ. 2.4 ದೂರ ಹೋಗುತ್ತೆ, ನಿಧಾನ, ಜೊತೆಗೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ರೌಟರ್‌ಗಳೆಲ್ಲ ಅಲ್ಲೇ ಗಲಾಟೆ ಮಾಡುತ್ತಿರುತ್ತವೆ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಎಕ್ಸ್‌ಟೆಂಡರ್ ಇಡಬೇಕು ಅಂದುಕೊಂಡ ಜಾಗದಲ್ಲಿ ಫೋನ್ ಹಿಡಿದು, ಕೆಳಗಿನ ರೌಟರ್‌ನ 5 ಗಿಗಾಹರ್ಟ್ಸ್‌ಗೇ ಕನೆಕ್ಟ್ ಆಗಿ, ಸ್ಪೀಡ್ ಟೆಸ್ಟ್ ಓಡಿಸಿ. ಅಲ್ಲಿ 60 ಎಂಬಿಪಿಎಸ್ ಬಂದರೆ ಎಕ್ಸ್‌ಟೆಂಡರ್‌ನಿಂದ ಒಂದು 30 ಸಿಗಬಹುದು ಅಂದುಕೊಳ್ಳಿ. ಸಿನಿಮಾ ನೋಡೋಕೆ, ಒಂದು ವಿಡಿಯೋ ಕಾಲ್‌ಗೆ ಅಷ್ಟು ಸಾಕು, ಗೋಡೆ ಕೊರೆಯುವ ರಗಳೆ ಬೇಡ. ಅಲ್ಲೇ 10 ಬಂದರೆ ಎಷ್ಟು ದುಬಾರಿ ಡಬ್ಬ ತಂದರೂ ಆ 10ನ್ನೇ ಹಂಚುತ್ತದೆ. ಸಿಗ್ನಲ್ ಸತ್ತಿರುವ ರೂಮಿನೊಳಗೇ ಎಕ್ಸ್‌ಟೆಂಡರ್ ಇಡೋದು ಎಲ್ಲರೂ ಮಾಡುವ ತಪ್ಪು. ವೈರ್ ಇಲ್ಲದಿದ್ದರೆ ಅದರ ಜಾಗ ದಾರಿ ಮಧ್ಯೆ, ಹೆಚ್ಚಾಗಿ ಮೆಟ್ಟಿಲ ಹತ್ತಿರ.

ಮನೆಯಿಂದಲೇ ಆಫೀಸ್ ಕೆಲಸ, ಮಕ್ಕಳ ಆನ್‌ಲೈನ್ ಗೇಮ್, ಮೇಲೊಂದು ಟಿವಿ ಇದ್ದರೆ ಮಾತ್ರ ಯೋಚನೆ ಮಾಡಬೇಡಿ, ವೈರ್ ಎಳೆಯಿರಿ. ಕ್ಯಾಟ್ 5ಇ ಅನ್ನೋ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಮನೆಗೆ ಧಾರಾಳ. ಹೊಸದಾಗಿ ಎಳೆಯುವಾಗ ಕ್ಯಾಟ್ 6 ಹಾಕಿಸಿ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಕೇಳಿ, ಅಗ್ಗದ್ದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದಿರುತ್ತಾರೆ, ಬಗ್ಗಿಸಿದರೆ ಮುರಿಯುತ್ತೆ. ಹಳೆ ಟಿವಿ ಅಥವಾ ಫೋನ್ ಪೈಪ್ ಗೋಡೆಯೊಳಗೆ ಖಾಲಿ ಇದ್ದರೆ ಅದೃಷ್ಟ, ಅದರಲ್ಲೇ ತೂರಿಸಬಹುದು. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ತೂರಿಸಬೇಡಿ. ಎಲೆಕ್ಟ್ರಿಷಿಯನ್ “ಏನಾಗಲ್ಲ ಸಾರ್” ಅಂದರೂ ಬೇಡ. ಬಾಡಿಗೆ ಮನೆಯಾದರೆ ಮೂಲೆಗುಂಟ ಕೇಸಿಂಗ್ ಪಟ್ಟಿ ಅಂಟಿಸಿ, ಇಲಿಯಿಂದಲೂ ಬಚಾವ್.

ಮಲೆನಾಡಿನ ಕಡೆ ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ಅಂಗಳ ದಾಟಿಸುವವರು ತಾಮ್ರ ಎಳೆಯಬೇಡಿ. ಗುಡುಗು ಮಳೆಯಲ್ಲಿ ಒಂದು ಸಿಡಿಲು ಹತ್ತಿರ ಬಿದ್ದರೆ ಎರಡೂ ಕಡೆಯ ಡಬ್ಬ ಹೋಗಬಹುದು. ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಮಾಮೂಲಿ ನೆಟ್ ಕೇಬಲ್‌ಗೆ ಬದಲಿಸುವ ಡಬ್ಬ) ಹಾಕಿ.

ಎಕ್ಸ್‌ಟೆಂಡರ್ ಕೊಳ್ಳುವಾಗ ವೈರ್ ಸಿಕ್ಕಿಸುವ ಪೋರ್ಟ್ ನೋಡಿ. ಅಗ್ಗದ ಎಷ್ಟೋ ಮಾಡೆಲ್‌ಗಳ ಪೋರ್ಟ್ 100 ಎಂಬಿಪಿಎಸ್‌ನದು, ನಿಮ್ಮ ಪ್ಲಾನ್ 300 ಇದ್ದರೂ ಅಷ್ಟೇ. ವೈರ್ ಸಿಕ್ಕಿಸಿದ ಮೇಲೆ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡೋದು) ಆರಿಸಿ. ಹಳೆ ರೌಟರನ್ನೇ ಬಳಸುತ್ತಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಫೋನು, ಟಿವಿಗಳಿಗೆಲ್ಲ ಐಪಿ (ನೆಟ್‌ವರ್ಕ್ ವಿಳಾಸ) ಹಂಚುವ ಯಜಮಾನ ಮನೆಗೊಬ್ಬನೇ ಇರಲಿ. ವೈಫೈಯಿಂದಲೇ ಹಿಡಿದು ಹರಡುವ ರಿಪೀಟರ್ ಮೋಡ್ ಹಾಗೇ ಬಿಟ್ಟು ವೈರೂ ಸಿಕ್ಕಿಸಿದರೆ ಕೆಲವು ಡಬ್ಬಗಳಲ್ಲಿ ಲೂಪ್ ಆಗಿ, ಅಂದರೆ ಡೇಟಾ ಎರಡು ದಾರಿಯಲ್ಲೂ ಸುತ್ತುತ್ತಲೇ ಇದ್ದು, ಇಡೀ ಮನೆಯ ನೆಟ್ ಮಲಗುತ್ತೆ. ನಮ್ಮ ಮನೆಯಲ್ಲಿ ಹೀಗಾಗಿ ಅರ್ಧ ದಿನ ನೆಟ್ ಕಂಪನಿಯವರನ್ನು ಬೈದಿದ್ದೆ, ಪಾಪ.

ಗಿಗಾಬಿಟ್ ಪೋರ್ಟ್ ಇದ್ದೂ ವೇಗ 95 ಎಂಬಿಪಿಎಸ್ ಆಸುಪಾಸಿನಲ್ಲೇ ನಿಂತರೆ ಕನೆಕ್ಟರ್ ಮೇಲೆ ಅನುಮಾನ ಪಡಿ. ಗಿಗಾಬಿಟ್‌ಗೆ ಒಳಗಿನ 8 ತಂತಿಯೂ ಬೇಕು, 100ಕ್ಕೆ ನಾಲ್ಕೇ ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೆ ಸಾಮಾನ್ಯವಾಗಿ ನೆಟ್ ನಿಲ್ಲಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತೆ. ತುದಿ ಕತ್ತರಿಸಿ ಇನ್ನೊಮ್ಮೆ ಕ್ರಿಂಪ್ ಮಾಡಿಸಿ, ಅಂದರೆ ಹೊಸ ಕನೆಕ್ಟರ್ ಒತ್ತಿ ಕೂರಿಸಿ.